ಎತ್ತಿದ ಹಡಗು, ಮುಳುಗಿದ ಓಣಿ

ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿಗೆ ಬರಬೇಡಿ ಅಂತ ಅಪ್ಪ ಅಮ್ಮನಿಗೆ ನಾನೇ ಹೇಳಿದ್ದೆ. ಇಲ್ಲಿ ಆಗ ಬೆಳಿಗ್ಗೆ ಎಂಟೂವರೆ ದಾಟಿದ ಮೇಲೆ ಸೂರ್ಯ ಹುಟ್ಟುತ್ತಾನೆ, ಮಧ್ಯಾಹ್ನ ಮೂರಕ್ಕೂ ಮೊದಲೇ ಮುಳುಗುತ್ತಾನೆ. ಬಾಗಲಕೋಟೆಯ ಬಿಸಿಲಲ್ಲಿ ಎಪ್ಪತ್ತು ವರ್ಷ ಕಳೆದವರಿಗೆ ಇದು ಕಷ್ಟ ಅಂದುಕೊಂಡಿದ್ದೆ. ಅವರು ಕೇಳಲಿಲ್ಲ, ಬಂದರು. ಆ ಒಂದು ಗುರುವಾರ ಅವರ ಜೊತೆ ಊರು ಸುತ್ತಿದ ಮೇಲೆ ನನ್ನ ತಲೆಯಲ್ಲಿ ಕೂತಿರುವ ಮಾತನ್ನು ಬರೆಯಲೇಬೇಕು ಅನಿಸಿದೆ.

ಅಮ್ಮ ಐದಕ್ಕೇ ಎದ್ದು ಬುತ್ತಿ ಕಟ್ಟಿದ್ದಳು. ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮೊಸರನ್ನ. ನಮ್ಮ ಕಡೆ ಮ್ಯೂಸಿಯಂ ಗೇಟಿನಲ್ಲಿ ಊಟದ ಡಬ್ಬಿ ಹೊರಗಿಡಿಸಿದ್ದು ನೆನಪಿತ್ತು ಅವಳಿಗೆ, ಅದಕ್ಕೆ ಬ್ಯಾಗಿನ ತಳದಲ್ಲಿ ಶಾಲಿನ ಕೆಳಗೆ ಮುಚ್ಚಿಟ್ಟಿದ್ದಳು. ಮುಚ್ಚಿಡೋದು ಬೇಡ ಅಂದೆ. ಸ್ವೀಡಿಷ್ ಭಾಷೆಯಲ್ಲಿ ಮಾಟ್‌ಸೆಕ್ ಅನ್ನುವ ಪದ ಇದೆ. ಮಾಟ್ ಅಂದರೆ ಊಟ, ಸೆಕ್ ಅಂದರೆ ಚೀಲ. ನಮ್ಮ ಬುತ್ತಿಗಂಟೇ ಅದು. ಹೊರಗೆ ಹೊರಟರೆ ಇಲ್ಲಿಯವರೂ ಕಟ್ಟಿಕೊಂಡೇ ಹೊರಡುತ್ತಾರೆ, ಹಲವು ಮ್ಯೂಸಿಯಂಗಳಲ್ಲಿ ಬುತ್ತಿ ತಂದವರು ಕೂತು ಉಣ್ಣಲಿಕ್ಕೆ ಅಂತಲೇ ಜಾಗ ಬಿಟ್ಟಿರುತ್ತಾರೆ. ಇದು ನನಗೆ ಸಣ್ಣ ವಿಷಯ ಅಲ್ಲ. ಬುತ್ತಿ ಬಿಚ್ಚಲು ಜಾಗ ಇದ್ದರೆ ಮನೆಮಂದಿ ಇಡೀ ದಿನ ಅಲ್ಲೇ ಇರುತ್ತಾರೆ. ಇಲ್ಲದಿದ್ದರೆ ಒಂದು ಗಂಟೆಯಲ್ಲಿ ಹಸಿವಾಗಿ ಹೊರಬೀಳುತ್ತಾರೆ.

ಮೊದಲು ಹೋದದ್ದು ಸ್ಕಾನ್ಸೆನ್‌ಗೆ. ಯೂರ್‌ಗೋರ್ಡೆನ್ ಎಂಬ ದ್ವೀಪದ ಗುಡ್ಡದ ಮೇಲಿರುವ ಬಯಲು ಮ್ಯೂಸಿಯಂ ಇದು. 1891ರಲ್ಲಿ ಆರ್ಥರ್ ಹ್ಯಾಸೇಲಿಯಸ್ ಅನ್ನುವವರು ಶುರು ಮಾಡಿದರು. ಅವರು ಮೇಷ್ಟ್ರಾಗಿದ್ದವರು. 1872ರಲ್ಲಿ ದಾಲಾರ್ನಾ ಎಂಬ ಸೀಮೆಯಲ್ಲಿ ತಿರುಗಾಡುವಾಗ ಹಳ್ಳಿಯ ಉಡುಗೆ ತೊಡುಗೆ, ಸಾಮಾನು ಎಲ್ಲ ಕಣ್ಣೆದುರೇ ಮರೆಯಾಗುತ್ತಿದ್ದದ್ದನ್ನು ಕಂಡು ಕೂಡಿಸಿಡಲು ತೊಡಗಿದರು. ಆಮೇಲೆ ಮನೆಗಳನ್ನೇ ತಂದರು. ಇವತ್ತು ಅಲ್ಲಿ ದೇಶದ ಮೂಲೆ ಮೂಲೆಯಿಂದ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಸುಮಾರು 150 ಕಟ್ಟಡಗಳಿವೆ. ಅರಮನೆಗಳಲ್ಲ. ರೈತರ ಮನೆ, ಕಣಜ, ಗಾಳಿಯಂತ್ರ, ಅಂಗಡಿ.

ಒಂದು ಮನೆಯೊಳಗೆ ಬೆಂಕಿ ಉರಿಯುತ್ತಿತ್ತು. ಹಳೆಯ ಕಾಲದ ಉಡುಗೆ ತೊಟ್ಟ ಹೆಂಗಸೊಬ್ಬರು ಒಲೆ ಪಕ್ಕ ಕೂತು ಬಂದವರ ಜೊತೆ ಮಾತಾಡುತ್ತಿದ್ದರು. ಮೇಲೆ ಜಂತಿಯ ಕೆಳಗೆ ಒಂದು ಉದ್ದ ಕೋಲು, ಅದಕ್ಕೆ ನಡುವೆ ತೂತಿರುವ ದುಂಡನೆಯ ಒಣ ರೊಟ್ಟಿಗಳನ್ನು ಪೋಣಿಸಿದ್ದರು. ಅಮ್ಮ ನಿಂತೇಬಿಟ್ಟಳು. "ಇವು ನಮ್ಮ ಕಡಕ್ ರೊಟ್ಟಿ ಅಲ್ಲೇನೋ? ನಡುವ ಯಾಕ ತೂತು ಹಾಕ್ಯಾರ?" ನಾನು ಅನುವಾದ ಮಾಡಿದೆ. ವರ್ಷಕ್ಕೆ ಒಂದೆರಡು ಸಲ ಬೇಯಿಸಿ, ಇಲಿ ಮುಟ್ಟದ ಹಾಗೆ, ಒಲೆಯ ಬಿಸಿಗೆ ಒಣಗುವ ಹಾಗೆ ಮೇಲೆ ತೂಗುಹಾಕುತ್ತಿದ್ದರಂತೆ. ಹೆಸರು ಕ್ನೆಕೆಬ್ರೋಡ್, ರೈ ಹಿಟ್ಟಿನದು. ನಮ್ಮದು ಜೋಳದ್ದು, ಬುಟ್ಟಿಯಲ್ಲಿ ಇಡುತ್ತೇವೆ. ಉಳಿದದ್ದೆಲ್ಲ ಒಂದೇ, ತಿಂಗಳುಗಟ್ಟಲೆ ಕೆಡೋದಿಲ್ಲ. ಅಮ್ಮ ಬ್ಯಾಗಿನಿಂದ ಒಂದು ರೊಟ್ಟಿ ತೆಗೆದು ಆ ಹೆಂಗಸಿನ ಕೈಗೆ ಕೊಟ್ಟಳು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಮುರಿದು ಬಾಯಿಗೆ ಹಾಕಿಕೊಂಡರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರೋದಿಲ್ಲ, ಆದರೂ ಹತ್ತು ನಿಮಿಷ ಅಲ್ಲಿಂದ ಕದಲಲಿಲ್ಲ.

ಅಪ್ಪ ಆಗ ಮನೆಯನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದರು. ಮರದ ದಿಮ್ಮಿ ಕೂಡುವ ಮೂಲೆಗಳನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದರು. ಅವರು ಯಾಕೆ ಹಾಗೆ ಮಾಡುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು. ನಮ್ಮ ಹಳೆಯ ಮನೆ ಇದ್ದದ್ದು ಹಳೇ ಬಾಗಲಕೋಟೆಯಲ್ಲಿ. ಆಲಮಟ್ಟಿ ಹಿನ್ನೀರು ಘಟಪ್ರಭೆಯಲ್ಲಿ ಏರಿ ಬಂದಾಗ ನಮ್ಮ ಓಣಿ ನೀರಿಗೆ ಹೋಯಿತು. ನಾನಾಗ ಮಿಡ್ಲ್ ಸ್ಕೂಲಿನಲ್ಲಿದ್ದೆ. ಎಲ್ಲರೂ ನವನಗರಕ್ಕೆ ಬಂದೆವು. ಮನೆಯಿಂದ ನಾವು ತಂದದ್ದು ತಲಬಾಗಿಲಿನ ಚೌಕಟ್ಟು ಮತ್ತು ಎರಡು ಕಂಬ. ಚೌಕಟ್ಟು ಹೊಸ ಮನೆಗೆ ಹೊಂದಲಿಲ್ಲ, ಮಾರಿದೆವು.

ಹೊರಗೆ ಬೆಂಚಿನ ಮೇಲೆ ಹಿಮ ಒರೆಸಿ ಬುತ್ತಿ ಬಿಚ್ಚಿದೆವು. ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ. ಪಕ್ಕದ ಬೆಂಚಿನಲ್ಲಿ ಸಣ್ಣ ಮಕ್ಕಳಿದ್ದ ಒಂದು ಕುಟುಂಬ ಥರ್ಮಾಸಿನಿಂದ ಬಿಸಿ ಚಾಕೊಲೇಟ್ ಬಗ್ಗಿಸಿಕೊಂಡು ಕುಡಿಯುತ್ತಿತ್ತು. ಚಳಿ ಅಂತ ಯಾರೂ ಮನೆಯಲ್ಲಿ ಕೂರೋದಿಲ್ಲ ಇಲ್ಲಿ. ಅಮ್ಮನಿಗೆ ಎಳ್ಳಮಾಸಿ ನೆನಪಾಯಿತು. ಅದೂ ಇದೇ ಹೊತ್ತಿಗೆ, ಚಳಿಗಾಲದಲ್ಲಿ ಬರುವ ಹಬ್ಬ ಅಲ್ವಾ. ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಗೊತ್ತಿದ್ದವರು ಗೊತ್ತಿಲ್ಲದವರು ಎಲ್ಲರನ್ನೂ ಕರೆದು ಕೂರಿಸಿ ಉಣ್ಣೋದು. ಆ ಕರೆಯೋದು ಮಾತ್ರ ಇಲ್ಲಿ ಇಲ್ಲ. ಪಕ್ಕದವರು ನಕ್ಕರು, ಅಷ್ಟೇ. ಇದರಲ್ಲಿ ನಾವೇ ಮೇಲು ಅಂತ ಇಲ್ಲಿ ಇಷ್ಟು ವರ್ಷ ಇದ್ದ ಮೇಲೂ ನನಗೆ ಅನಿಸುತ್ತದೆ.

ಅಲ್ಲಿಂದ ಸ್ವಲ್ಪ ನಡೆದರೆ ವಾಸಾ ಮ್ಯೂಸಿಯಂ. ಕೋಟು ಬಿಚ್ಚಿ ತೂಗುಹಾಕಿ ಒಳಗೆ ಹೋದರೆ ಮಂದ ಬೆಳಕಿನಲ್ಲಿ 69 ಮೀಟರ್ ಉದ್ದದ ಮರದ ಹಡಗು. 1628ರ ಆಗಸ್ಟ್ 10ರಂದು ಮೊದಲ ಸಲ ಹಾಯಿ ಬಿಚ್ಚಿ, ಊರ ಜನ ನೋಡುತ್ತಿರುವಾಗಲೇ, ಸುಮಾರು 1,300 ಮೀಟರ್ ಸಾಗಿ ಮುಳುಗಿದ ಹಡಗು ಇದು. 64 ಫಿರಂಗಿ ಹೊತ್ತಿತ್ತು, ಮೇಲ್ಭಾಗದ ಭಾರ ಜಾಸ್ತಿ ಆಗಿತ್ತು. ಗಾಳಿಗೆ ಒಂದು ಕಡೆ ವಾಲಿತು, ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ಬಾಲ್ಟಿಕ್ ಸಮುದ್ರದಲ್ಲಿ ಉಪ್ಪು ಕಡಿಮೆ, ಹಾಗಾಗಿ ಮರ ಕೊರೆಯುವ ಹುಳ ಅಲ್ಲಿ ಬದುಕೋದಿಲ್ಲ. ಅದಕ್ಕೇ 333 ವರ್ಷ ಉಳಿಯಿತು. 1961ರ ಏಪ್ರಿಲ್ 24ರಂದು ಮೇಲಕ್ಕೆ ಎತ್ತಿದರು. ಒಣಗಿದರೆ ಮರ ಬಿರಿಯುತ್ತದೆ ಅಂತ 17 ವರ್ಷ ರಾಸಾಯನಿಕ ದ್ರಾವಣ ಸಿಂಪಡಿಸುತ್ತಲೇ ಇದ್ದರು. ಹದಿನೇಳು ವರ್ಷ!

ಅಪ್ಪ ಫಿರಂಗಿಗಳನ್ನು ಜಾಸ್ತಿ ಹೊತ್ತು ನೋಡಲಿಲ್ಲ. ಹಡಗಿನಲ್ಲಿ ಸಿಕ್ಕ ನಾವಿಕರ ಮರದ ಚಮಚ, ಬಟ್ಟಲು, ಚಪ್ಪಲಿಗಳ ಮುಂದೆ ನಿಂತರು. "ನೀರಾಗಿಂದ ಚಮಚಾನೂ ಬಿಡದಂಗ ಎತ್ತ್ಯಾರ ನೋಡಪಾ," ಅಂದರು. ಅಷ್ಟೇ ಅಂದದ್ದು.

ದುಡ್ಡಿರುವ ದೇಶ, ಮಾಡುತ್ತಾರೆ ಅಂತ ಹೇಳಿ ಮುಗಿಸಬಹುದು. ನಾನು ಒಪ್ಪೋದಿಲ್ಲ. ನಮ್ಮದೇ ಜಿಲ್ಲೆಯ ಕೂಡಲಸಂಗಮದಲ್ಲಿ ಬಸವಣ್ಣನ ಐಕ್ಯಸ್ಥಳದ ಸುತ್ತ ನೀರಿನ ನಡುವೆ ಗೋಡೆ ಎಬ್ಬಿಸಿ, ಜನ ಮೆಟ್ಟಿಲಿಳಿದು ಹೋಗಿ ನೋಡುವ ಹಾಗೆ ಉಳಿಸಿಕೊಂಡಿದ್ದೇವೆ. ಮನಸ್ಸು ಮಾಡಿದರೆ ನಮಗೆ ಬರುತ್ತದೆ. ಮಣಿಪಾಲದಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿ ಹಸ್ತಶಿಲ್ಪ ಗ್ರಾಮವನ್ನೇ ಮಾಡಿದರು. ಹ್ಯಾಸೇಲಿಯಸ್ ಮಾಡಿದ್ದೇ ಕೆಲಸ ಅದು. ನಮ್ಮ ಮುಧೋಳದ ಅರಮನೆಯ ದರ್ಬಾರ್ ಹಾಲ್ ಇವತ್ತು ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು. ಅಂದರೆ ಪೂಜೆ ಮಾಡುವ ಜಾಗ ಉಳಿಸಿದೆವು, ಅರಮನೆ ಉಳಿಸಿದೆವು. ನೇಕಾರನ ಮಗ್ಗದ ಮನೆ, ಎತ್ತು ಕಟ್ಟುವ ಜಾಗ ಬಾಗಿಲ ಪಕ್ಕದಲ್ಲೇ ಇರುವ ಒಕ್ಕಲಿಗನ ಮನೆ, ನಮ್ಮಂಥವರ ಮಣ್ಣಿನ ಮಾಳಿಗೆ ಮನೆ ಉಳಿಸುವ ವಸ್ತು ಅಂತ ನಮಗೇ ಅನಿಸಲಿಲ್ಲ. ನಮ್ಮ ಮನೆಯವರಿಗೂ ಅನಿಸಲಿಲ್ಲ, ಅದಕ್ಕೇ ಚೌಕಟ್ಟು ಮಾರಿದೆವು.

ಆಲಮಟ್ಟಿ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ನಡೆದೇ ಇದೆ. ಏರಿಸಿದರೆ ಇನ್ನಷ್ಟು ಹಳ್ಳಿ, ಬಾಗಲಕೋಟೆಯ ಇನ್ನಷ್ಟು ಭಾಗ ಮುಳುಗುತ್ತದೆ. ಒಣ ಹೊಲಗಳಿಗೆ ನೀರು ಬೇಕು, ಅದಕ್ಕೆ ನನ್ನ ವಿರೋಧ ಇಲ್ಲ. ನಾನು ಕೇಳುವುದು ಸಣ್ಣದು. ಈ ಸಲ ನೀರು ಬರುವ ಮೊದಲು ಹತ್ತು ಸಾಧಾರಣ ಮನೆ ಆರಿಸಿ. ಅಳೆದು ನಕ್ಷೆ ಬರೆದು, ಕಲ್ಲಿಗೆ ಕಂಬಕ್ಕೆ ನಂಬರ್ ಹಾಕಿ ಬಿಚ್ಚಿ, ಎತ್ತರದ ಜಾಗದಲ್ಲಿ ಒಂದು ಓಣಿಯಾಗಿಯೇ ನಿಲ್ಲಿಸಿ. ಒಲೆ ಹೊತ್ತಿಸಿ ರೊಟ್ಟಿ ಬಡಿಯುವವರನ್ನು ಕೂರಿಸಿ. ಬಂದವರು ಬುತ್ತಿ ಬಿಚ್ಚಲು ಕಟ್ಟೆ ಇರಲಿ.

ಮೂರೂವರೆಗೆ ಹೊರಬಂದಾಗ ಆಗಲೇ ಕತ್ತಲು ಕವಿಯುತ್ತಿತ್ತು. ಕಿಟಕಿ ಕಿಟಕಿಯಲ್ಲೂ ಕಾಗದದ ನಕ್ಷತ್ರ, ದೀಪ. ಗಾಮ್ಲಾಸ್ತಾನ್ ಅನ್ನುವ ಹಳೇ ಪೇಟೆಗೆ ಹೋಗಿ ಊಟಕ್ಕೆ ಕೂತೆವು. ಗುರುವಾರ ಹಳದಿ ಬಟಾಣಿ ಸೂಪು, ಜಾಮ್ ಹಚ್ಚಿದ ಪ್ಯಾನ್‌ಕೇಕು ಇಲ್ಲಿಯ ಹಳೆಯ ಪದ್ಧತಿ. ಮಾಂಸ ಹಾಕದ್ದು ಬೇಕು ಅಂದೆ, ತಂದರು. ಅಮ್ಮನಿಗೆ ಗುರುವಾರ ರಾಯರ ವಾರ, ಒಪ್ಪತ್ತು, ಬುತ್ತಿಯಲ್ಲೇ ಅದು ಮುಗಿದಿತ್ತು. ಅವಳು ಕಾಫಿ ಮಾತ್ರ ಕುಡಿದಳು.

ಅಪ್ಪ ಕಾಗದದ ಕರವಸ್ತ್ರ ಹರವಿ ನನ್ನ ಪೆನ್ನು ಇಸಕೊಂಡು ಬರೆಯತೊಡಗಿದರು. ತಲಬಾಗಿಲು, ಎತ್ತು ಕಟ್ಟುವ ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲಿ, ಮೂಲೆಯಲ್ಲಿ ಹಗೇವು, ಒಳಗೆ ಅಡುಗೆಮನೆ, ಅದರ ಮಾಳಿಗೆಯಲ್ಲಿ ಬೆಳಕಿಂಡಿ. ಅಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪೆನ್ನು ಕಸಿದುಕೊಂಡು, ಅಪ್ಪ ಅಡುಗೆಮನೆಯ ಎಡಕ್ಕೆ ಹಾಕಿದ್ದ ಬೀಸುಕಲ್ಲನ್ನು ಅಳಿಸಿ, ಬೆಳಕಿಂಡಿಯ ಕೆಳಗೆ ಹಾಕಿದಳು.