ಸ್ಪಷ್ಟನೆ: ಪೈಥಾನ್‌ನ ‘ಅಸರ್ಟ್’ ಪರೀಕ್ಷೆಗೆ ನಿಷಿದ್ಧವಲ್ಲ

ಶಿರಸಿಯಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತಿರುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ: ‘ಪೈಥಾನ್‌ನ ಅಸರ್ಟ್ ಯಾವಾಗ ಬೇಕಾದರೂ ಮಾಯವಾಗುತ್ತದೆ, ಪರೀಕ್ಷೆಗಳಲ್ಲಿ ಬಳಸಲೇಬೇಡಿ.’ ಅಸರ್ಟ್ ಎಂದರೆ ‘ಇದು ನಿಜವಾಗಿರಲೇಬೇಕು, ಇಲ್ಲದಿದ್ದರೆ ತಪ್ಪು ತೋರಿಸು’ ಎಂದು ಪೈಥಾನ್‌ಗೆ ಹೇಳುವ ಸಾಲು; ಪರೀಕ್ಷೆ ಎಂದರೆ ಪ್ರೋಗ್ರಾಂ ಸರಿಯಾಗಿ ನಡೆಯುತ್ತದೆಯೇ ಎಂದು ನೋಡಲು ಬರೆಯುವ ಕೋಡ್. ಆ ಸಂದೇಶದಲ್ಲಿ ಅರ್ಧ ಮಾತ್ರ ನಿಜ. ಹೊಸಬರು ಇದನ್ನು ನಂಬಿ ಪರೀಕ್ಷೆ ಬರೆಯುವುದನ್ನೇ ಬಿಡುತ್ತಿರುವುದು ನನಗೆ ಬೇಸರ ತಂದಿದೆ.

ಪೈಥಾನ್ ಅನ್ನು ‘ಆಪ್ಟಿಮೈಸ್’ ಆಯ್ಕೆ ಕೊಟ್ಟು ಓಡಿಸಿದರೆ ಅಸರ್ಟ್ ಸಾಲುಗಳು ಬಿಟ್ಟುಹೋಗುತ್ತವೆ, ಹೌದು. ಆದ್ದರಿಂದ ಬಳಕೆದಾರರು ತುಂಬಿದ ಮಾಹಿತಿಯನ್ನು ತಪಾಸಣೆ ಮಾಡಲು ಅದನ್ನು ನೆಚ್ಚಿಕೊಳ್ಳಬಾರದು. ಪರೀಕ್ಷೆಯ ಮಾತು ಬೇರೆ. ಅಲ್ಲಿ ಸಾಮಾನ್ಯವಾಗಿ ಆ ಆಯ್ಕೆಯನ್ನು ಕೊಡುವುದೇ ಇಲ್ಲ. ಪರೀಕ್ಷೆಗಳನ್ನು ಓಡಿಸುವ ಸಾಧನವಾದ ಪೈಟೆಸ್ಟ್ ಅಂತೂ ಸರಳ ಅಸರ್ಟ್ ಅನ್ನೇ ಬಳಸಿ ಎನ್ನುತ್ತದೆ. ಪರೀಕ್ಷೆ ಸೋತಾಗ ಹೋಲಿಕೆಯ ಎರಡೂ ಬದಿಯ ಮೌಲ್ಯಗಳನ್ನು ತೋರಿಸುತ್ತದೆ. ಪೈಥಾನ್ ಜೊತೆಗೇ ಬರುವ ಪರೀಕ್ಷಾ ಸಾಧನ ಯುನಿಟ್‌ಟೆಸ್ಟ್‌ನಲ್ಲಿ ಎರಡು ಮೌಲ್ಯಗಳು ಸಮವೇ ಎಂದು ನೋಡುವ ಅಸರ್ಟ್‌ಈಕ್ವಲ್ ಸಾಮಾನ್ಯ ಫಂಕ್ಷನ್‌ನಂತೆಯೇ ನಡೆಯುವುದರಿಂದ ಅದಕ್ಕೆ ಆ ಆಯ್ಕೆ ತಟ್ಟುವುದಿಲ್ಲ.

ನಿಜವಾದ ಅಪಾಯ ಬೇರೆಡೆ ಇದೆ. ಮೊನ್ನೆ ವಿದ್ಯಾರ್ಥಿನಿಯೊಬ್ಬಳು ಅಡಿಕೆ ತೂಕದ ಲೆಕ್ಕದ ಪ್ರೋಗ್ರಾಂ ತಂದಿದ್ದಳು. ಚೀಲದ ತೂಕ ಕಳೆಯುವುದು ಮರೆತುಹೋಗಿತ್ತು, ಆದರೂ ಪರೀಕ್ಷೆ ಪಾಸಾಗುತ್ತಿತ್ತು! ನೋಡಿದರೆ, ಅಸರ್ಟ್‌ನ ಹೋಲಿಕೆ ಮತ್ತು ಸೋತಾಗ ತೋರಿಸಬೇಕಾದ ಸಂದೇಶ ಎರಡನ್ನೂ ಒಂದೇ ಆವರಣದೊಳಗೆ ಬರೆದಿದ್ದಳು. ಹಾಗೆ ಬರೆದರೆ ಅದು ಟ್ಯೂಪಲ್, ಅಂದರೆ ಮೌಲ್ಯಗಳ ಒಂದು ಗುಂಪು, ಆಗುತ್ತದೆ. ಖಾಲಿಯಲ್ಲದ ಟ್ಯೂಪಲ್ ಅನ್ನು ಪೈಥಾನ್ ಯಾವಾಗಲೂ ಸತ್ಯವೆಂದೇ ಎಣಿಸುತ್ತದೆ. ಪೈಥಾನ್ ಕೊಟ್ಟ ಎಚ್ಚರಿಕೆ ಪರದೆಯಲ್ಲಿ ಮೇಲೆ ಸರಿದುಹೋಗಿತ್ತು. ಆವರಣ ತೆಗೆದೊಡನೆ ಪರೀಕ್ಷೆ ಸೋತಿತು: ಬರಬೇಕಾದದ್ದು 49, ಬಂದದ್ದು 50.

ದಶಮಾಂಶ ಇರುವಲ್ಲಿ, ಎರಡು ಮೌಲ್ಯಗಳು ಹೆಚ್ಚುಕಡಿಮೆ ಸಮವೇ ಎಂದು ನೋಡುವ ಯುನಿಟ್‌ಟೆಸ್ಟ್‌ನ ಅಸರ್ಟ್‌ಆಲ್ಮೋಸ್ಟ್‌ಈಕ್ವಲ್ ಬಳಸಿ. ಏಕೆಂದರೆ 0.1ಕ್ಕೆ 0.2 ಕೂಡಿಸಿದರೆ ಪೈಥಾನ್‌ನಲ್ಲಿ ಸರಿಯಾಗಿ 0.3 ಬರುವುದಿಲ್ಲ.