ದೊಡ್ಡ ಮನೆಯ ಕಡೇ ಕುರಿ

ಫ್ರೆಂಚಿನಲ್ಲಿ ಮೂಟೋನ್ ಅಂದರೆ ಕುರಿ. ಕಡೆ ಅಂದರೆ ಮನೆಯ ಕಿರಿಮಗ. ನಮ್ಮಲ್ಲೂ ಕಡೆಯವನು ಅಂದರೆ ಅವನೇ ಅಲ್ವಾ? ಹಾಗಾಗಿ ಮೂಟೋನ್ ಕಡೆ ಎಂಬ ಕೆಂಪು ವೈನಿಗೆ ಬೇರೆ ಅನುವಾದ ಬೇಕಿಲ್ಲ. ಕಡೇ ಕುರಿ. ಈ ಕುರಿಯನ್ನು ಪ್ಯಾರಿಸ್ಸಿಗೆ ಹೋಗಿ ಬಂದ ನೆಂಟರು ತಂದುಕೊಟ್ಟರೆ ಎರಡೂ ಕೈ ಚಾಚಿ ಈಸಿಕೊಳ್ಳುತ್ತೇವೆ. ಯಾಕೆಂದರೆ ಲೇಬಲ್ಲಿನಲ್ಲಿ ಇನ್ನೊಂದು ಹೆಸರೂ ಇದೆ: ರಾಥ್‌ಶೀಲ್ಡ್.

ಯುರೋಪಿನ ಹೆಸರಾಂತ ಬ್ಯಾಂಕರುಗಳ ಮನೆತನ, ಸಣ್ಣದಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯ ಪೊಯಾಕ್ ಎಂಬ ಊರಿನಲ್ಲಿ 1853ರಲ್ಲಿ ನಥಾನಿಯಲ್ ಡಿ ರಾಥ್‌ಶೀಲ್ಡ್ ಮೂಟೋನ್ ದ್ರಾಕ್ಷಿ ತೋಟ ಕೊಂಡರು. ಎರಡೇ ವರ್ಷಕ್ಕೆ, 1855ರಲ್ಲಿ, ಬೋರ್ಡೋ ವೈನುಗಳಿಗೆ ದರ್ಜೆ ಕೊಟ್ಟರು. ಇವರದು ಎರಡನೇ ದರ್ಜೆಗೆ ಬಿತ್ತು. ಅದೇ ಊರಿನ ಲಫೀತ್ ತೋಟ ಮೊದಲ ದರ್ಜೆ. 1868ರಲ್ಲಿ ಆ ಲಫೀತನ್ನು ಕೊಂಡವರು ಯಾರು? ಇದೇ ವಂಶದ ಇನ್ನೊಂದು ಕವಲು. ಬೇಲಿಯ ಆಚೆ ದಾಯಾದಿ ಫಸ್ಟ್ ಕ್ಲಾಸ್, ಈಚೆ ನಾವು ಸೆಕೆಂಡ್ ಕ್ಲಾಸ್. ನಿದ್ದೆ ಬರುತ್ತದೆಯೇ?

ಆ ದರ್ಜೆ ತಿದ್ದಲು 118 ವರ್ಷ ಹಿಡಿಯಿತು. ಇದನ್ನು ಓದಿ ನಮ್ಮ ತಾಲ್ಲೂಕು ಕಚೇರಿಗಳು ಸ್ವಲ್ಪ ಸಮಾಧಾನ ಪಡಬಹುದು. ಕೊನೆಗೆ 1973ರಲ್ಲಿ ಸಹಿ ಹಾಕಿದವರು ಆಗ ಕೃಷಿ ಮಂತ್ರಿಯಾಗಿದ್ದ ಜಾಕ್ ಶಿರಾಕ್. ಅಲ್ಲಿಯವರೆಗೆ ಮನೆಯ ಧ್ಯೇಯವಾಕ್ಯ ಹೀಗಿತ್ತು: 'ಮೊದಲಿಗನಾಗಲಾರೆ, ಎರಡನೆಯವನಾಗಲು ಒಲ್ಲೆ, ನಾನು ಮೂಟೋನ್.' ಬಡ್ತಿ ಬಂದ ಮೇಲೆ: 'ಮೊದಲಿಗ ನಾನು, ಎರಡನೆಯವನಾಗಿದ್ದೆ, ಮೂಟೋನ್ ಬದಲಾಗದು.' ಬದಲಾಗದು ಅಂತ ಬರೆಯಲು ವಾಕ್ಯವನ್ನೇ ಬದಲಾಯಿಸಿದರು!

ಇರಲಿ, ಕುರಿಗೆ ಬರೋಣ. 1922ರಲ್ಲಿ ಮನೆಯ ಕಿರಿಮಗ ಫಿಲಿಪ್ ತೋಟ ನೋಡಿಕೊಳ್ಳಲು ಬಂದರು. 1930ರಲ್ಲಿ ಫಸಲು ಕೆಟ್ಟಿತು. ಆ ವೈನನ್ನು ದೊಡ್ಡ ಹೆಸರಿನಲ್ಲಿ ಮಾರಿದರೆ ಮನೆಯ ಮಾನ ಹೋಗುತ್ತದೆ. ಚೆಲ್ಲಿದರೆ ದುಡ್ಡು ಹೋಗುತ್ತದೆ. ಫಿಲಿಪ್ ಮಾನವನ್ನೂ ಉಳಿಸಿದರು, ದುಡ್ಡನ್ನೂ ಉಳಿಸಿದರು. ಅದಕ್ಕೆ ತಮ್ಮದೇ ಗುರುತು ಅಂಟಿಸಿ 'ಕಡೆ' ಎಂದು ಕರೆದರು. ಸೊಟ್ಟ ಬದನೆಕಾಯಿಗೆ 'ಗೌಡರ ತೋಟದ್ದು' ಅಂದರೆ ಸಂತೆಯಲ್ಲಿ ನಾಲ್ಕು ಕಾಸು ಜಾಸ್ತಿ ಬರುವುದಿಲ್ಲವೇ, ಹಾಗೆ.

ಜನ ಮುಗಿಬಿದ್ದರು. ಎಷ್ಟೆಂದರೆ, ಕೆಟ್ಟ ಫಸಲು ಸಾಲದಾಯಿತು. ಗೌಡರ ತೋಟದಲ್ಲಿ ಅಷ್ಟು ಸೊಟ್ಟ ಬದನೆಕಾಯಿ ಎಲ್ಲಿಂದ ಬರಬೇಕು? ಬೋರ್ಡೋ ಸೀಮೆಯ ಬೇರೆ ಬೇರೆ ರೈತರಿಂದ ಕೊಂಡು ಬೆರೆಸತೊಡಗಿದರು. ಒಂದು ಕಾಲಕ್ಕೆ ವರ್ಷದ ಮಾರಾಟ ಕೋಟಿ ಬಾಟಲಿ ದಾಟಿತ್ತು. ಇದರಲ್ಲಿ ಮೋಸವೇನಿಲ್ಲ, ಕಳ್ಳತನವೂ ಇಲ್ಲ. ವೈನೂ ಕೆಟ್ಟದ್ದಲ್ಲ, ಊಟದ ಜೊತೆ ಸುಮ್ನೆ ಕುಡಿಯಬಹುದು. ಆದರೆ ಕಡೆಯ ಮಗ ಹುಟ್ಟಿದ್ದು ಮಾತ್ರ ಬೇರೆಯವರ ಮನೆಯಲ್ಲಿ. ದೊಡ್ಡ ಮನೆಯ ತೋಟದ್ದೇ ಬಳ್ಳಿಯಿಂದ ನಿಜವಾದ ಎರಡನೇ ವೈನು, ಅಂದರೆ ಮುಖ್ಯ ವೈನಿನ ತಮ್ಮ, ಬಂದದ್ದು 1990ರ ದಶಕದಲ್ಲಿ. 'ಕಡೆ' ಎಂಬ ಹೆಸರನ್ನು ದತ್ತುಮಗ ಆಗಲೇ ಹಿಡಿದು ಕೂತಿದ್ದನಲ್ಲ, ಪಾಪ, ಹೆತ್ತ ಮಗನಿಗೆ ಪೆಟೀ ಮೂಟೋನ್, ಅಂದರೆ ಪುಟ್ಟ ಕುರಿ, ಎಂದು ಹೆಸರಿಡಬೇಕಾಯಿತು.

ಹಾಗಾದರೆ ಕೊಳ್ಳುವವರು ಕೊಳ್ಳುತ್ತಿರುವುದು ಏನನ್ನು? ದೊಡ್ಡಣ್ಣನ, ಅಂದರೆ ಮನೆಯ ಮುಖ್ಯ ವೈನು ಮೂಟೋನ್ ರಾಥ್‌ಶೀಲ್ಡ್‌ನ, ಬಾಟಲಿಯ ಕಥೆ ಕೇಳಿ. 1945ರಿಂದ ಹೆಚ್ಚುಕಡಿಮೆ ಪ್ರತಿ ವರ್ಷ ಅದರ ಲೇಬಲ್ಲಿಗೆ ಒಬ್ಬ ಕಲಾವಿದನ ಚಿತ್ರ. ಡಾಲಿ, ಶಗಾಲ್, ಪಿಕಾಸೋ ಎಲ್ಲ ಬಂದುಹೋಗಿದ್ದಾರೆ. 1993ರ ಚಿತ್ರಕ್ಕೆ ಅಮೆರಿಕದಲ್ಲಿ ತಕರಾರು ಬಂತು. ಅಲ್ಲಿಗೆ ಕಳಿಸುವ ಬಾಟಲಿಗಳಲ್ಲಿ ಚಿತ್ರ ತೆಗೆದು ಆ ಜಾಗವನ್ನು ಖಾಲಿ ಬಿಟ್ಟರು. ಸಂಗ್ರಹಕಾರರು ಬೇಜಾರಾದರೇ? ಇಲ್ಲ. ಚಿತ್ರ ಇರುವುದೂ ಬೇಕು, ಇಲ್ಲದ್ದೂ ಬೇಕು ಅಂದರು. ಒಳಗಿರುವುದು ಒಂದೇ ವೈನು. ಖಾಲಿ ಕಾಗದಕ್ಕೂ ಗಿರಾಕಿ.

ನಮ್ಮ ಕಡೇ ಕುರಿಗೆ ಫ್ರಾನ್ಸಿನ ಸೂಪರ್ ಮಾರ್ಕೆಟ್ಟಿನಲ್ಲಿ 10 ಯೂರೋ ಆಸುಪಾಸು. ಅಲ್ಲಿ ಅದನ್ನು ಹಾಲು, ಬ್ರೆಡ್ಡಿನ ಜೊತೆ ಬುಟ್ಟಿಗೆ ಎಸೆಯುತ್ತಾರೆ. ಭಾರತದಲ್ಲಿ ವಿದೇಶಿ ವೈನಿಗೆ ವರ್ಷಗಟ್ಟಲೆ 150% ಆಮದು ಸುಂಕ. ಅದರ ಮೇಲೆ ರಾಜ್ಯದ ಅಬಕಾರಿ, ಅದರ ಮೇಲೆ ಹೋಟೆಲಿನವರ ಲಾಭ. ಹೀಗೆ ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ಬೆಂಗಳೂರಿನ ಟೇಬಲ್ಲಿಗೆ ಬರುವಷ್ಟರಲ್ಲಿ ಬಡವರ ವೈನು ಸಾಹುಕಾರ ಆಗಿರುತ್ತದೆ. ಬಿಳಿ ವಸ್ತ್ರ ಸುತ್ತಿ, ಬಾಣಂತಿ ಕೋಣೆಯಿಂದ ಮಗು ತಂದು ತೋರಿಸಿದ ಹಾಗೆ ಲೇಬಲ್ ತೋರಿಸುತ್ತಾರೆ. ನಾವೂ ಗಂಭೀರವಾಗಿ ತಲೆ ಆಡಿಸುತ್ತೇವೆ. ಯಾರ ಹೋಲಿಕೆ ಅಂತ ಕೇಳುವುದಿಲ್ಲ.

ನಮ್ಮ ಮನೆಗೆ ಬಂದ ಬಾಟಲಿ ಒಂದೇ ಸಂಜೆಗೆ ಮುಗಿಯಿತು. ಭಾವ ಗ್ಲಾಸು ತಿರುಗಿಸಿ, ಮೂಗು ಒಳಗಿಟ್ಟು, 'ಓಕ್ ಮರದ ವಾಸನೆ' ಅಂದರು. ಅತ್ತೆ ದ್ರಾಕ್ಷಿ ಹುಳಿಯಾಗಿದೆ ಅಂದರು. ಖಾಲಿ ಬಾಟಲಿಯಲ್ಲಿ ಈಗ ಮನಿ ಪ್ಲಾಂಟ್ ಇದೆ. ಎಲೆ ಲೇಬಲ್ಲಿನ ಮೇಲೆ ಬಂದಾಗಲೆಲ್ಲ ನಾನೇ ಪಕ್ಕಕ್ಕೆ ಸರಿಸುತ್ತೇನೆ.