‘ಮೂರು ಸಿಲಿಂಡರ್ ಅಲ್ಲವೇ, ಹಾಗೆಯೇ’

ಹನ್ನೆರಡು ಸಾವಿರದ ನೂರ ಹತ್ತು ರೂಪಾಯಿ. ಜೂನ್ ಎರಡನೇ ವಾರದಿಂದ ಆಟಿ ತಿಂಗಳು ಮುಗಿಯುವಷ್ಟರಲ್ಲಿ ನನ್ನ ಸಣ್ಣ ಕಾರಿನ ಎಂಜಿನ್ನಿಗೆಂದು ನಾನು ತೆತ್ತ ಹಣ ಇದು. ನಾಲ್ಕು ರಸೀದಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದೇನೆ. ಒಂದೊಂದನ್ನು ನೋಡಿದಾಗಲೂ ಹೊಟ್ಟೆಯಲ್ಲಿ ಮೆಣಸು ಅರೆದಂತಾಗುತ್ತದೆ.

ರೋಗ ಇಷ್ಟೇ. ಮಳೆಯ ಮರುದಿನ ಬೆಳಿಗ್ಗೆ ಮಂಗಳೂರಿನ ಶಕ್ತಿನಗರದ ಮನೆಯಿಂದ ಹೊರಟರೆ ಎಂಜಿನ್ ಕೆಮ್ಮುತ್ತದೆ. ಸ್ಟೇರಿಂಗ್ ಚಕ್ರ, ಕನ್ನಡಿ, ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿ ಎಲ್ಲವೂ ನಡುಗುತ್ತವೆ. ಆಕ್ಸಿಲರೇಟರ್ ಒತ್ತಿದರೆ ಕಾರು ಮುಂದೆ ಹೋಗುವ ಬದಲು ಯೋಚನೆಗೆ ಬೀಳುತ್ತದೆ. ಎಂಜಿನ್ ಚಿತ್ರದ ಹಳದಿ ದೀಪ ಮಿನುಗುತ್ತದೆ. ನಂತೂರು ವೃತ್ತದಲ್ಲಿ ನಾಲ್ಕೂ ಕಡೆಯಿಂದ ಲಾರಿ, ಟ್ಯಾಂಕರ್, ಸಿಟಿ ಬಸ್ಸುಗಳು ನುಗ್ಗಿ ಬರುವಾಗ ನಡುಮಧ್ಯದಲ್ಲಿ ಕಾರು ಹೀಗೆ ಯೋಚನೆಗೆ ಬಿದ್ದರೆ ಹಿಂದಿನ ಬಸ್ಸಿನವನು ಹಾರ್ನಿನಿಂದಲೇ ನನ್ನನ್ನು ಎತ್ತಿ ಮಲ್ಲಿಕಟ್ಟೆಗೆ ಎಸೆಯುವವನಂತೆ ಬಾರಿಸುತ್ತಾನೆ. ಬಂಟ್ಸ್ ಹಾಸ್ಟೆಲ್ ದಾಟಿ ಜ್ಯೋತಿ ವೃತ್ತಕ್ಕೆ ಬರುವ ಹೊತ್ತಿಗೆ ಎಲ್ಲವೂ ಸರಿ. ಹಂಪನಕಟ್ಟೆಯಲ್ಲಿ ಕಚೇರಿಯ ಎದುರು ನಿಲ್ಲಿಸುವಾಗ ಏನೂ ಗೊತ್ತಿಲ್ಲದ ಮಗುವಿನಂತೆ ಗುನುಗುತ್ತಿರುತ್ತದೆ. ಗ್ಯಾರೇಜಿಗೆ ಕೊಂಡುಹೋದಾಗ? ಇನ್ನೂ ಚೆನ್ನಾಗಿ ಗುನುಗುತ್ತದೆ. ವೈದ್ಯರ ಮುಂದೆ ಕುಳಿತ ಕೂಡಲೇ ಕೆಮ್ಮು ನಿಂತ ಹಾಗೆ.

ಮೊದಲ ಸಲ ಹೋದಾಗ ಅಲ್ಲಿದ್ದವನು ಬಾನೆಟ್ಟನ್ನೂ ತೆರೆಯದೆ ಹೇಳಿದ ಮಾತು: ‘ಮೂರು ಸಿಲಿಂಡರ್ ಅಲ್ಲವೇ ಸಾರ್, ಹಾಗೆಯೇ.’

ಈ ಮಾತನ್ನು ಈ ಮಳೆಗಾಲದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆದ್ದರಿಂದ ಮೊದಲು ಇದನ್ನೇ ಮುಗಿಸುತ್ತೇನೆ. ಹೌದು, ಪೆಟ್ರೋಲ್ ಉರಿಯುವ ಕೋಣೆಗಳು ಮೂರೇ, ಮೂರು ಸಿಲಿಂಡರ್. 998 ಸಿಸಿ. ನಿಮಿಷಕ್ಕೆ 6200 ಸುತ್ತಿನಲ್ಲಿ ಸುಮಾರು 67 ಅಶ್ವಶಕ್ತಿ, 3500 ಸುತ್ತಿನಲ್ಲಿ 90 ನ್ಯೂಟನ್ ಮೀಟರ್ ಟಾರ್ಕ್. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಎಲ್ಲ ಸಿಲಿಂಡರುಗಳೂ ಒಮ್ಮೆ ಉರಿಯಲು ಕ್ರ್ಯಾಂಕ್ ದಂಡ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗಬೇಕು. ಮೂರಕ್ಕೆ ಹಂಚಿದರೆ 240 ಡಿಗ್ರಿಗೊಂದು ಹೊಡೆತ. ನಾಲ್ಕು ಸಿಲಿಂಡರಿನಲ್ಲಿ 180ಕ್ಕೆ ಒಂದು. ಹೊಡೆತಗಳ ನಡುವಿನ ಅಂತರ ಹೆಚ್ಚಾದ್ದರಿಂದ, ಜೊತೆಗೆ ಮೂರರ ಸಾಲಿನ ಎರಡು ತುದಿಗಳು ತೊಟ್ಟಿಲಿನ ಹಾಗೆ ಒಂದನ್ನೊಂದು ತೂಗುವುದರಿಂದ, ನಿಂತಲ್ಲಿ ಸ್ವಲ್ಪ ನಡುಕ ಇದ್ದೇ ಇರುತ್ತದೆ. ಅದು ಹುಟ್ಟುಗುಣ. ಒಂಬತ್ತು ವರ್ಷದಿಂದ ಅದೇ ಆಸನದಲ್ಲಿ ಕೂರುವವನಿಗೆ ಆ ನಡುಕದ ಪರಿಚಯ ಇಲ್ಲವೇ? ಹುಟ್ಟುಗುಣದ ನಡುಕಕ್ಕೆ ಒಂದು ತಾಳವಿದೆ. ಚಂಡೆಯಲ್ಲಿ ಒಂದು ಪೆಟ್ಟು ತಪ್ಪಿದರೆ ಯಕ್ಷಗಾನ ನೋಡುವ ಐದು ವರ್ಷದ ಮಗುವಿಗೂ ಗೊತ್ತಾಗುತ್ತದೆ. ನನ್ನ ಕಾರಿನಲ್ಲಿ ಪೆಟ್ಟು ತಪ್ಪುತ್ತಿತ್ತು. ಮೂರರಲ್ಲಿ ಒಂದು ಸಿಲಿಂಡರ್ ಮಲಗಿದರೆ ಮೂರನೇ ಒಂದು ಭಾಗ ಶಕ್ತಿ ಹೋಯಿತು. ಇದ್ದದ್ದೇ 67, ಅದರಲ್ಲಿ ಎಸಿಯ ಪಾಲು ಬೇರೆ, ಉಳಿದದ್ದರಲ್ಲಿ ಈ ಊರಿನ ಏರು ಹತ್ತಬೇಕು.

ಹೀಗೆಂದು ಹೇಳಿದೆ. ಅವನು ಮೊಬೈಲ್ ನೋಡುತ್ತಿದ್ದ. ಆಮೇಲೆ ಮೂರು ಸ್ಪಾರ್ಕ್ ಪ್ಲಗ್ ಬದಲಿಸಿ, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ತೊಳೆದು, 1,660 ರೂಪಾಯಿ ತೆಗೆದುಕೊಂಡ. ಪ್ಲಗ್ಗುಗಳಿಗೆ ಹೇಗೂ ವಯಸ್ಸಾಗಿತ್ತು, ಥ್ರಾಟಲಿನಲ್ಲಿ ಮಸಿ ಕಟ್ಟುವುದು ಇಂಥ ಎಂಜಿನ್ನುಗಳಲ್ಲಿ ಸಾಮಾನ್ಯ. ಇದಕ್ಕೆ ನನ್ನ ತಕರಾರಿಲ್ಲ. ಮೂರು ದಿನ ಮಳೆ ಬಿಟ್ಟಿತ್ತು, ಕಾರೂ ಸರಿಯಿತ್ತು. ವಾಸಿಯಾಯಿತೆಂದು ನಂಬಿದೆ. ನಾಲ್ಕನೇ ದಿನ ಮಳೆ ಬಂತು, ಕೆಮ್ಮೂ ಬಂತು.

ಎರಡನೇ ಸಲ ಕಾರಿನ ದೋಷ ಓದುವ ಸ್ಕ್ಯಾನರ್ ಹೊರಬಂತು. ಈಗಿನ ಗ್ಯಾರೇಜುಗಳಲ್ಲಿ ಸ್ಕ್ಯಾನರ್ ಎಂದರೆ ದೈವದ ಪಾತ್ರಿ ಇದ್ದ ಹಾಗೆ. ಅದು ಆಡಿದ್ದೇ ನುಡಿ, ಮರುಪ್ರಶ್ನೆ ಕೂಡದು. ಅದು ‘ಪಿ 0302’ ಎಂದಿತು. ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಅಂದರೆ ಅದು ಸರಿಯಾಗಿ ಉರಿಯುತ್ತಿಲ್ಲ ಎಂದು ಇದರ ಅರ್ಥ. ಅಷ್ಟೇ ಅರ್ಥ. ಎಲ್ಲಿ ಎಂದು ಹೇಳುತ್ತದೆಯೇ ಹೊರತು ಏಕೆ ಎಂದು ಹೇಳುವುದಿಲ್ಲ. ಕಿಡಿ ಇಲ್ಲದಿರಬಹುದು, ಪೆಟ್ರೋಲ್ ಬಾರದಿರಬಹುದು, ಎಲ್ಲಿಂದಲೋ ಗಾಳಿ ಸೋರಿ ಒಳಬರುತ್ತಿರಬಹುದು, ವಾಲ್ವ್ ಸರಿಯಾಗಿ ಮುಚ್ಚದೆ ಒಳಗಿನ ಒತ್ತಡ (ಕಂಪ್ರೆಷನ್) ಬಿದ್ದಿರಬಹುದು, ಇಲಿ ವೈರು ಕಡಿದಿರಬಹುದು. ಹುಡುಕುವುದು ಮನುಷ್ಯನ ಕೆಲಸ.

ಆ ಕೆಲಸ ಎಷ್ಟು ಸುಲಭ ಎಂಬುದೇ ನನ್ನ ಸಿಟ್ಟಿಗೆ ಮೂಲ. ಈ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ಕಿಡಿಗೆ ವಿದ್ಯುತ್ತು ಕೊಡುವ ಒಂದೊಂದು ಇಗ್ನಿಷನ್ ಕಾಯಿಲ್, ನೇರವಾಗಿ ಪ್ಲಗ್ಗಿನ ತಲೆಯ ಮೇಲೆಯೇ ಕೂತಿದೆ. ಮೂರೂ ಒಂದೇ ಬಗೆಯವು. ಎರಡನೆಯದರ ಕಾಯಿಲನ್ನು ಕಿತ್ತು ಮೂರನೆಯದಕ್ಕೆ ಹಾಕಬೇಕು, ಮೂರನೆಯದನ್ನು ಎರಡನೆಯದಕ್ಕೆ. ಮತ್ತೆ ಓಡಿಸಬೇಕು. ದೂರು 0302ರಿಂದ 0303ಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ. 0302ರಲ್ಲೇ ಉಳಿದರೆ ಕಾಯಿಲ್ ನಿರಪರಾಧಿ. ಒಂದು ಸ್ಪ್ಯಾನರ್, ಹತ್ತು ನಿಮಿಷ, ಒಂದು ಲೋಟ ಚಹಾ ಆರುವಷ್ಟು ಹೊತ್ತು. ಖರ್ಚು ಸೊನ್ನೆ. ಬಹುಶಃ ಆ ಸೊನ್ನೆಯೇ ಅದರ ದೋಷ. ಯಾರೂ ಮಾಡಲಿಲ್ಲ. ನಾನು ಬಾಯಿಬಿಟ್ಟು ಹೇಳಿದರೂ ಮಾಡಲಿಲ್ಲ. ‘ಅದೆಲ್ಲ ಹಳೆಯ ಪದ್ಧತಿ ಸಾರ್’ ಎಂದು ಹೊಸ ಕಾಯಿಲ್ ಹಾಕಿದರು, ಕೇಳದೆಯೇ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೊಳೆದರು. 3,950. ಹಳೆಯ ಕಾಯಿಲ್ ಕೊಡಿ ಎಂದರೆ ಗುಜರಿಗೆ ಹೋಯಿತಂತೆ. ಅರ್ಧ ಗಂಟೆಯ ಹಿಂದೆ ನನ್ನ ಎಂಜಿನ್ನಿನಲ್ಲಿದ್ದದ್ದು ಇಷ್ಟು ಬೇಗ ಗುಜರಿಗೆ ಹೋಗುವುದಾದರೆ ಆ ಗುಜರಿಯವನೇ ಊರಿನಲ್ಲಿ ಅತ್ಯಂತ ಚುರುಕಾದ ಕೆಲಸಗಾರ.

ಒಂದು ವಾರದಲ್ಲಿ ಮತ್ತೆ ಅದೇ ಕಥೆ. ಬೇರೆ ಗ್ಯಾರೇಜು. ಅಲ್ಲಿ ಎಲ್ಲಕ್ಕೂ ಇ20, ಅಂದರೆ ಎಥನಾಲ್ ಬೆರೆಸಿದ ಪೆಟ್ರೋಲ್ ಕಾರಣ. ಇದೊಂದು ಹೊಸ ಅನುಕೂಲ. ಹಿಂದೆ ಏನೂ ತಿಳಿಯದಿದ್ದರೆ ‘ಪೆಟ್ರೋಲಿನಲ್ಲಿ ಕಲಬೆರಕೆ’ ಎನ್ನುತ್ತಿದ್ದರು, ಈಗ ಎಥನಾಲ್ ಎಂದರೆ ಮುಗಿಯಿತು. ಎಥನಾಲ್‌ಗೆ ನೀರು ಹೀರುವ ಗುಣ ಇದೆ, ಒಂದು ಲೀಟರಿನಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟೇ ಶಕ್ತಿ ಇದೆ, ಹಾಗಾಗಿ ಶೇಕಡಾ 20 ಬೆರೆಸಿದರೆ ಮೈಲೇಜ್ ಸ್ವಲ್ಪ ಇಳಿಯುತ್ತದೆ, ಹಳೆಯ ಕಾರುಗಳ ರಬ್ಬರ್ ಕೊಳವೆಗಳಿಗೂ ಅದು ಹಿತವಲ್ಲ. ಎಲ್ಲ ಒಪ್ಪಿದೆ. ಆದರೆ ಮೂರು ಸಿಲಿಂಡರಿಗೂ ಒಂದೇ ಟ್ಯಾಂಕಿನಿಂದ ಪೆಟ್ರೋಲ್ ಹೋಗುವಾಗ ಎರಡನೆಯದಕ್ಕೆ ಮಾತ್ರ, ಅದೂ ಮಳೆ ಬಂದ ಮರುದಿನ ಮಾತ್ರ, ಅದೂ ಮೊದಲ ಇಪ್ಪತ್ತು ನಿಮಿಷ ಮಾತ್ರ ಅಜೀರ್ಣವಾಗುವುದು ಹೇಗೆ? ಇದಕ್ಕೆ ಉತ್ತರವಾಗಿ ಅವರು ಆಕ್ಸಿಜನ್ ಸೆನ್ಸರ್ ಬದಲಿಸಿದರು. 3,800. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎನ್ನುತ್ತಾರಲ್ಲ, ಆ ಬರೆಗೆ ಜಿಎಸ್‌ಟಿ ಬೇರೆ. ಹೊಗೆ ಕೊಳವೆಯಲ್ಲಿ ಕೂತ ಆ ಸೆನ್ಸರ್, ಉರಿಯದ ಸಿಲಿಂಡರಿನಿಂದ ಹೊರಬಂದ ಆಮ್ಲಜನಕವನ್ನು ಕಂಡು ವರದಿ ಮಾಡಿತ್ತು, ಅಷ್ಟೇ. ಸುದ್ದಿ ತಂದವನ ತಲೆ ಕಡಿದರು.

ನಾಲ್ಕನೆಯವರು ನಡುಕ ಎಂದು ಹೇಳಿದ ಕೂಡಲೇ ಎಂಜಿನ್ನನ್ನು ಹಿಡಿದಿಡುವ ಎಂಜಿನ್ ಮೌಂಟ್ ಬದಲಿಸಿದರು. 2,700. ಇನ್ನೂ ಸರಿಯಾಗದಿದ್ದರೆ ಇಸಿಎಂ, ಅಂದರೆ ಎಂಜಿನ್ನಿನ ಗಣಕವನ್ನೇ ಬದಲಿಸೋಣ, ಹದಿನೆಂಟು ಸಾವಿರ ಆಗಬಹುದು ಎಂದರು. ಅವರ ದನಿಯಲ್ಲಿ ಎಂಥ ಸಮಾಧಾನ! ‘ಇಲ್ಲವಾದರೆ ಇದನ್ನು ಕೊಟ್ಟು ಒಂದು ದೊಡ್ಡ ಗಾಡಿ ತೆಗೆದುಕೊಳ್ಳಿ ಸಾರ್’ ಎಂಬ ಉಪದೇಶವೂ ಸಿಕ್ಕಿತು. ಸಣ್ಣ ಕಾರಿನವನ ಕಿವಿಗೆ ಈ ಉಪದೇಶ ಹೇಳಲು ಯಾರಿಗೂ ಸಂಕೋಚವಿಲ್ಲ. ಮನೆಯಲ್ಲಿ ನಲ್ಲಿ ಸೋರಿದರೆ ಮನೆ ಮಾರಿ ಎನ್ನುತ್ತಾರೆಯೇ?

ಈ ನಡುವೆ ಇನ್ನೊಂದು ತೊಂದರೆ ಇತ್ತು. ಕೆಲವು ದಿನ ಎಡಬದಿಯ ಮುಂದಿನ ಆಸನದ ಕೆಳಗೆ ಕಾಲೊರಸು ಒದ್ದೆಯಾಗಿರುತ್ತಿತ್ತು. ಹಿಂಡಿದರೆ ನೀರು. ಒಳಗೆಲ್ಲ ಹಳಸಿದ ವಾಸನೆ. ನಾಲ್ಕು ಕಡೆಯೂ ಇದನ್ನು ಹೇಳಿದ್ದೆ. ಒಬ್ಬರು ಕೊಡೆಯ ನೀರು ಎಂದರು, ಒಬ್ಬರು ಎಸಿಯ ನೀರು ಎಂದರು, ಉಳಿದ ಇಬ್ಬರು ಕೇಳಿಸಿಕೊಳ್ಳಲೇ ಇಲ್ಲ.

ಕಂಡುಹಿಡಿದದ್ದು ನನ್ನ ಹೆಂಡತಿ. ಅವಳಿಗೆ ಕಾರು ಓಡಿಸಲು ಬರುವುದಿಲ್ಲ, ಸ್ಪಾರ್ಕ್ ಪ್ಲಗ್ ಯಾವ ಬಣ್ಣದ್ದೆಂದೂ ಗೊತ್ತಿಲ್ಲ. ನಮ್ಮ ಮನೆಯ ಎದುರಿನ ರಸ್ತೆ ಇಳಿಜಾರು, ಮಂಗಳೂರಿನಲ್ಲಿ ಯಾವುದು ಇಳಿಜಾರಲ್ಲ ಬಿಡಿ. ಒಂದು ದಿನ ಗಂಜಿ ಬಡಿಸುತ್ತಾ ಹೇಳಿದಳು: ‘ಮೂತಿ ಕೆಳಗೆ ಮಾಡಿ ನಿಲ್ಲಿಸಿದ ರಾತ್ರಿ ಮಾತ್ರ ನಿಮ್ಮ ಕಾರು ಕೆಮ್ಮುತ್ತದೆ. ಮೂತಿ ಮೇಲೆ ಮಾಡಿದರೆ ನನ್ನ ಕಾಲು ಒದ್ದೆಯಾಗುತ್ತದೆ.’

ಗಂಜಿ ಅಲ್ಲಿಯೇ ಬಿಟ್ಟು ಎದ್ದೆ.

ಮುಂದಿನ ಗಾಜಿನ ಬುಡದಲ್ಲಿ, ವೈಪರ್‌ಗಳ ಕೆಳಗೆ, ಕಪ್ಪು ಪ್ಲಾಸ್ಟಿಕ್ಕಿನ ಜಾಲರಿ ಇರುತ್ತದಲ್ಲ, ಅದರಡಿಯಲ್ಲಿ ಒಂದು ಚರಂಡಿ ಇದೆ. ಗಾಜಿನ ಮೇಲೆ ಬಿದ್ದ ಮಳೆನೀರು ಅದರೊಳಗೆ ಇಳಿದು ಎರಡು ತುದಿಯ ತೂತುಗಳಿಂದ ಕೆಳಗೆ ಹೋಗಬೇಕು. ನೆರೆಯ ಆವರಣದ ಗುಲ್‌ಮೊಹರ್ ನಮ್ಮ ಕಾರಿನ ಮೇಲೆಯೇ ಚಾಚಿಕೊಂಡಿದೆ. ಮೇ ತಿಂಗಳಲ್ಲಿ ಅದರ ಕೆಂಪು ನೋಡಿ ನಾನೂ ಫೋಟೋ ತೆಗೆದಿದ್ದೆ. ಅದರ ಎಲೆ ಅಕ್ಕಿಕಾಳಿನಷ್ಟು ಸಣ್ಣದು, ಜಾಲರಿಯಲ್ಲಿ ಸಲೀಸಾಗಿ ಇಳಿಯುತ್ತದೆ. ಜಾಲರಿ ಎತ್ತಿ ನೋಡಿದರೆ ಒಳಗೆ ಗೊಬ್ಬರದ ಗುಂಡಿ. ಎರೆಹುಳ ಒಂದಿರಲಿಲ್ಲ. ತೂತುಗಳು ಪೂರ್ತಿ ಮುಚ್ಚಿಹೋಗಿದ್ದವು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಆ ನೀರು ಎಲ್ಲಿಗೆ ಹೋಗಬೇಕು? ಮೂತಿ ಕೆಳಗಿದ್ದರೆ ಚರಂಡಿ ಮುಂದಕ್ಕೆ ಉಕ್ಕಿ ಎಂಜಿನ್ನಿನ ಮೇಲೆ ತೊಟ್ಟಿಕ್ಕುತ್ತದೆ. ಮೂತಿ ಮೇಲಿದ್ದರೆ ಹಿಂದಕ್ಕೆ ಉಕ್ಕಿ, ಎಸಿಯ ಗಾಳಿ ಎಳೆಯುವ ಬಾಯಿಯಿಂದ ಒಳಗೆ, ನನ್ನ ಹೆಂಡತಿಯ ಕಾಲಿಗೆ.

ಎರಡನೇ ಕಾಯಿಲನ್ನು ಕಿತ್ತೆ. ಪ್ಲಗ್ ಕೂರುವ ಕುಳಿಯ ತಳದಲ್ಲಿ ನೀರು. ಕಾಯಿಲ್ ಹನ್ನೆರಡು ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಆ ವಿದ್ಯುತ್ತು ಒಂದು ಮಿಲಿಮೀಟರಿನ ಸಂದಿನಲ್ಲಿ ಜಿಗಿದು ಕಿಡಿಯಾಗಬೇಕು. ಪಿಂಗಾಣಿಯ ಹೊರಮೈ ಒದ್ದೆಯಾಗಿದ್ದರೆ ಅಷ್ಟು ಕಷ್ಟಪಟ್ಟು ಜಿಗಿಯುವುದು ಏಕೆಂದು ಮೈಮೇಲಿಂದಲೇ ಜಾರಿ ಲೋಹಕ್ಕೆ ಇಳಿದುಬಿಡುತ್ತದೆ. ಹೊಸ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲಿನಿಂದ ಎಳೆದಂತೆ ಒಂದು ಕಪ್ಪು ಗೆರೆ ಇತ್ತು, ಅದೇ ಅದರ ಕಾಲುದಾರಿ. ಎಂಜಿನ್ ಬಿಸಿಯಾಗಿ ತೇವ ಆರಿದ ಮೇಲೆ ಎಲ್ಲವೂ ಸರಿ. ಶಕ್ತಿನಗರದಿಂದ ಜ್ಯೋತಿಯವರೆಗೆ, ಸರಿಯಾಗಿ ಇಪ್ಪತ್ತು ನಿಮಿಷ.

ಎಲೆ ಬಳಿದು ತೆಗೆದೆ, ಒಂದು ಮುಷ್ಟಿಗಿಂತ ಸ್ವಲ್ಪ ಹೆಚ್ಚು. ಕುಳಿಯನ್ನು ಬಟ್ಟೆಯಿಂದ ಒರೆಸಿದೆ, ಪ್ಲಗ್ ಬದಲಿಸಿದೆ. ಆಮೇಲೆ ಮೂತಿ ಕೆಳಗೆ ಮಾಡಿ ನಿಲ್ಲಿಸಿ ಗಾಜಿನ ಮೇಲೆ ಆರು ಕೊಡಪಾನ ನೀರು ಸುರಿದೆ. ನೆರೆಯವರು ಕಿಟಕಿಯಿಂದ ನೋಡುತ್ತಿದ್ದರು. ಸುರಿದು ಚಾಲೂ ಮಾಡಿದರೆ ಎಂಜಿನ್ ತಾಳ ತಪ್ಪಲಿಲ್ಲ. ಅಂದಿನಿಂದ ದೀಪ ಬೆಳಗಿಲ್ಲ.

ಕೊನೆಯ ಗ್ಯಾರೇಜಿಗೆ ಹೋಗಿ ಹೇಳಿದೆ. ಹೇಳದೆ ಇರಲು ಆಗಲಿಲ್ಲ. ಅವನು ಪೂರ್ತಿ ಕೇಳಿಸಿಕೊಂಡು, ನನ್ನದೇ ತಪ್ಪು ಎನ್ನುವ ಹಾಗೆ ಕೇಳಿದ: ‘ಮರದ ಕೆಳಗೆ ನಿಲ್ಲಿಸುತ್ತೀರಿ ಎಂದು ನೀವು ಮೊದಲೇ ಹೇಳಲಿಲ್ಲವಲ್ಲ ಸಾರ್?’ ಗಾಜಿನ ಮೇಲೆ ಎಲೆ ಅಂಟಿಕೊಂಡ ಕಾರನ್ನೇ ಅಲ್ಲವೇ ನಾಲ್ಕು ಸಲ ಅವರಿಗೆಲ್ಲ ತಂದು ಒಪ್ಪಿಸಿದ್ದು? ಎಲೆಯನ್ನು ಒರೆಸಿ, ತೊಳೆದು, ಮಿರಮಿರ ಮಾಡಿ ಕೊಟ್ಟಿದ್ದಾರೆ. ತೊಳೆದದ್ದಕ್ಕೆ ರಸೀದಿಯಲ್ಲಿ ಬೇರೆ ಸಾಲು ಇದೆ.

ಇನ್ನೊಂದು ಉಳಿದಿದೆ. ಜಾಲರಿ ಎತ್ತುವಾಗ ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ಪುಗಳಲ್ಲಿ ಮೂರು ಮುರಿದವು. ಬಿಸಿಲಿಗೆ ಒಣಗಿ ಹಪ್ಪಳವಾಗಿದ್ದವು. ಬಿಡಿಭಾಗದ ಅಂಗಡಿಯಲ್ಲಿ ಕೇಳಿದರೆ ಕ್ಲಿಪ್ ಬಿಡಿಯಾಗಿ ಬರುವುದಿಲ್ಲವಂತೆ. ಇಡೀ ಜಾಲರಿಯೇ ತೆಗೆದುಕೊಳ್ಳಬೇಕಂತೆ, 1,350 ರೂಪಾಯಿ, ಆರ್ಡರ್ ಹಾಕಿದರೆ ಹತ್ತು ದಿನ. ಕಡಲೆಕಾಳಿನಷ್ಟಿರುವ ಮೂರು ತುಂಡು ಪ್ಲಾಸ್ಟಿಕ್ಕಿಗೆ! ನಾನು ಕೊಡಲಿಲ್ಲ. ಮಲ್ಲಿಗೆ ಚಪ್ಪರಕ್ಕೆ ತಂದಿದ್ದ ತಂತಿಯಲ್ಲಿ ಬಿಗಿದಿದ್ದೇನೆ. ಪ್ರತಿ ಭಾನುವಾರ ತಂತಿ ಬಿಚ್ಚಿ, ಎಲೆ ತೆಗೆದು, ಮತ್ತೆ ಬಿಗಿಯುತ್ತೇನೆ. ಗುಲ್‌ಮೊಹರ್ ಇನ್ನೂ ಉದುರಿಸುತ್ತಲೇ ಇದೆ.